ಹಳದಿ ದೀಪವೂ ಮಾವನ ಶನಿವಾರವೂ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಾಗ ನಾನು ಮೊದಲು ಮಾಡಿದ ಕೆಲಸ, ಅದನ್ನು ನೋಡಿಯೇ ಇಲ್ಲವೆಂಬಂತೆ ನಟಿಸಿದ್ದು. ಠಾಣೆಯ ರೈಲ್ವೆ ಸ್ಟೇಷನ್ನಿನಲ್ಲಿ ಬೇಡದ ನೆಂಟರು ಎದುರಾದರೆ ನಾವು ತಟ್ಟನೆ ತಲೆಯೆತ್ತಿ ಗಾಡಿಗಳ ಸಮಯ ತೋರಿಸುವ ಇಂಡಿಕೇಟರ್ ಓದತೊಡಗುತ್ತೇವಲ್ಲ, ಕರ್ಜತ್ ಲೋಕಲ್ಲಿಗೂ ನಮಗೂ ಜನ್ಮಾಂತರದ ಸಂಬಂಧವಿದೆ ಎಂಬಂತೆ, ಅದೇ ಪರಿಯಲ್ಲಿ ನಾನು ಸ್ಪೀಡೋಮೀಟರನ್ನು ದಿಟ್ಟಿಸಿದೆ. ಕಾರು ಇನ್ನೂ ಹೊರಟಿರಲಿಲ್ಲ. ಮುಳ್ಳು ಸೊನ್ನೆಯ ಮೇಲಿತ್ತು. ಸೊನ್ನೆಯನ್ನು ಒಬ್ಬ ಮನುಷ್ಯ ಎಷ್ಟು ಹೊತ್ತು ಅಂತ ದಿಟ್ಟಿಸಬಹುದು? ಕಣ್ಣು ತಾನಾಗಿ ಜಾರಿ ಪಕ್ಕಕ್ಕೆ ಹೋಯಿತು. ದೀಪ ಅಲ್ಲೇ ಇತ್ತು.

ಆ ದೀಪದೊಳಗೆ ಒಂದು ಚಿತ್ರವಿರುತ್ತದೆ. ನೀವೂ ಕಾರಿಟ್ಟವರಾದರೆ ಕಂಡಿರುತ್ತೀರಿ. ಅದು ಇಂಜಿನ್ನಿನ ಚಿತ್ರವಂತೆ. ನನಗದು ಮುನಿಸಿಪಾಲಿಟಿಯ ನಲ್ಲಿಯಂತೆ ಕಂಡಿತು. ನೀರಿನ ವಿಚಾರವಿರಬೇಕು, ಎಲ್ಲಾದರೂ ಒಂದು ಬಾಟಲಿ ನೀರು ಸುರಿದರೆ ಮುಗಿಯಿತು ಅಂದುಕೊಂಡೆ. ಹೆಂಡತಿ ವನಿತಾ ಕಿಟಕಿಯಿಂದ ಬಗ್ಗಿ ನೋಡಿ ಹೆಲಿಕಾಪ್ಟರ್ ಅಂದಳು. ಕಾರಿನ ಜೊತೆ ಬಂದ ಪುಸ್ತಕ ಹುಡುಕಿ ತೆಗೆದರೆ ಅದರಲ್ಲಿ ಇಂಜಿನ್ ಪರೀಕ್ಷಿಸಿ ಎಂದು ಬರೆದಿತ್ತು. ಇಂಜಿನ್ನಿನಲ್ಲಿ ಏನನ್ನು ಪರೀಕ್ಷಿಸಬೇಕು ಎಂದು ಬರೆದಿರಲಿಲ್ಲ. ವನಿತಾ ಕೆಲವೊಮ್ಮೆ ಮಧ್ಯಾಹ್ನ ಆಫೀಸಿಗೆ ಫೋನ್ ಮಾಡಿ, ನಿಮ್ಮ ಹತ್ತಿರ ಒಂದು ವಿಷಯ ಮಾತಾಡಲಿಕ್ಕುಂಟು, ಮನೆಗೆ ಬನ್ನಿ ಎಂದು ಹೇಳಿ ಇಟ್ಟುಬಿಡುತ್ತಾಳೆ. ನಾನು ಸಂಜೆಯವರೆಗೆ ಕೂತು ನನ್ನ ಪಾಪಗಳನ್ನೆಲ್ಲ ವರ್ಷವಾರು ನೆನಪು ಮಾಡಿಕೊಳ್ಳುತ್ತೇನೆ. ಮನೆಗೆ ಬಂದು ಕೇಳಿದರೆ ತೆಂಗಿನಕಾಯಿ ಮುಗಿದಿರುತ್ತದೆ. ಈ ದೀಪವೂ ಅದೇ ಕುಲದ್ದು.

ಅವತ್ತು ಚಳಿ ಇತ್ತು. ಠಾಣೆಯ ಚಳಿಯ ಬಗ್ಗೆ ಹೊರಗಿನವರ ಮುಂದೆ ಮಾತೆತ್ತಲು ನಮಗೆ ಸ್ವಲ್ಪ ಸಂಕೋಚ. ದಿಲ್ಲಿಯಿಂದ ಬಂದವರು ಅದೇ ಚಳಿಯಲ್ಲಿ ಫ್ಯಾನ್ ಹಾಕಿಕೊಂಡು ಮಲಗುತ್ತಾರೆ. ಆದರೆ ವರ್ಷದ ಬಹುಪಾಲು ಬೆವರಿನಲ್ಲೇ ಮಿಂದೇಳುವ ನಮಗೆ ಬೆಳಿಗ್ಗೆ ಬಚ್ಚಲ ನೆಲ ಕಾಲಿಗೆ ತಣ್ಣಗೆ ತಾಗಿದರೆ ಸಾಕು, ಹಿಮಾಲಯ ಬದ್ಲಾಪುರದವರೆಗೆ ಬಂದು ನಿಂತಿದೆ ಅನಿಸುತ್ತದೆ. ಕೋಪರಿಯ ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಡಿಸೆಂಬರ್ ಹಿಡಿದ ಕೂಡಲೇ ಮಂಕಿ ಕ್ಯಾಪ್ ಏರಿಸಿ ಎರಡು ಕಣ್ಣು ಒಂದು ಬೀಡಿಯನ್ನು ಮಾತ್ರ ಹೊರಗೆ ಬಿಡುತ್ತಾನೆ. ಸೆಕ್ರೆಟರಿ ಸಾಹೇಬರು ವಾಟ್ಸಾಪ್ ಗ್ರೂಪಿನಲ್ಲಿ ಶೀತಗಾಳಿಯ ಎಚ್ಚರಿಕೆ ಹಾಕುತ್ತಾರೆ, ಅದರ ಕೆಳಗೆ ಎಲ್ಲರೂ ಕೈಮುಗಿಯುತ್ತಾರೆ. ನಾನೂ ಹಿಂದೆ ಬಿದ್ದವನಲ್ಲ. ಯಾವ ಕಾಲದಲ್ಲೋ ಮಹಾಬಲೇಶ್ವರದಲ್ಲಿ ಕೊಂಡ ಸ್ವೆಟರೊಂದಿದೆ. ವರ್ಷವಿಡೀ ಕಪಾಟಿನಲ್ಲಿ ನುಸಿಗುಳಿಗೆಯ ಸಹವಾಸದಲ್ಲಿದ್ದು ಹೊರಗೆ ಬರುವಾಗ ಅದಕ್ಕೆ ಎಂಥ ಪ್ರಭಾವ ಬಂದಿರುತ್ತದೆಂದರೆ, ಅದನ್ನು ತೊಟ್ಟು ಲಿಫ್ಟ್ ಹೊಕ್ಕರೆ ಉಳಿದವರು ಮೆಟ್ಟಿಲಿನ ಕಡೆ ನಡೆಯುತ್ತಾರೆ.

ಇಷ್ಟಕ್ಕೂ ಕಾರನ್ನು ನಾನು ಹೊರಗೆ ತೆಗೆಯುವುದು ವಾರಕ್ಕೊಮ್ಮೆ, ಶನಿವಾರ. ಆಫೀಸಿಗೆ ಲೋಕಲ್ ಉಂಟು, ಸ್ಟೇಷನ್ ಮನೆಯ ಬುಡದಲ್ಲೇ ಉಂಟು. ಕಾರು ಇರುವುದು ಮಾವನಿಗಾಗಿ. ಮಾವ ಅಂದರೆ ಹೆಂಡತಿಯ ತಂದೆಯಲ್ಲ; ನನ್ನ ತಾಯಿಯ ಅಣ್ಣ, ಸೋದರಮಾವ. ನಮ್ಮ ತುಳುನಾಡಿನ ಅಳಿಯಸಂತಾನದ ಕಟ್ಟಿನಲ್ಲಿ ಮಾವನ ಆಸ್ತಿ ಬರುತ್ತಿದ್ದದ್ದು ಮಗನಿಗಲ್ಲ, ಸೋದರಳಿಯನಿಗೆ. ನಾನು ಹುಟ್ಟುವಷ್ಟರಲ್ಲಿ ಕಾನೂನು ಬದಲಾಗಿ ಆ ಕಟ್ಟು ಹೋಗಿತ್ತು. ಇಂಥ ವಿಷಯಗಳಲ್ಲಿ ನಾನು ಯಾವಾಗಲೂ ತಡ. ಮಾವನ ಕಾಮೋಠೆಯ ಫ್ಲ್ಯಾಟು ನ್ಯಾಯವಾಗಿ ಅವರ ಮಗ ಹರೀಶನಿಗೆ ಹೋಗುತ್ತದೆ. ನನ್ನ ಪಾಲಿಗೆ ಬಂದದ್ದು ಮಾವನ ಶನಿವಾರ.

ಈ ಶನಿವಾರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರಾವಳಿಯಿಂದ ಬಂದು ಇಲ್ಲಿನ ಹೋಟೆಲು ಕ್ಯಾಂಟೀನುಗಳನ್ನು ಸೇರಿದ ನಮ್ಮವರಲ್ಲಿ ಶನಿಪೂಜೆಯೆಂಬ ಪದ್ಧತಿ ಬೇರೂರಿದೆ. ಶನಿದೇವರ ಕಥೆಯ ಗ್ರಂಥವನ್ನು ಒಬ್ಬರು ರಾಗವಾಗಿ ಓದುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಓದುವುದು ಎರಡು ಸಾಲು, ಅರ್ಥ ಅರ್ಧ ಗಂಟೆ. ಅರ್ಥ ಹೇಳುವವರಿಗೆ ಯಾವ ಲಂಗುಲಗಾಮೂ ಇಲ್ಲ. ಪುರಾಣದ ರಾಜ ಕಾಡಿಗೆ ಹೊರಟರೆ ದಾರಿಯಲ್ಲಿ ಕಲ್ಯಾಣ ಜಂಕ್ಷನ್ನಿನ ನೂಕುನುಗ್ಗಲೂ ಸಿಗಬಹುದು. ಮಾವ ಕಲ್ಯಾಣದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತಿದ್ದ ಕಾಲದಿಂದಲೂ ಡೊಂಬಿವಲಿಯ ಒಂದು ಸಣ್ಣ ಗುಡಿಯಲ್ಲಿ ಅರ್ಥ ಹೇಳುತ್ತಾ ಬಂದವರು. ಅವರ ಶನಿದೇವರು ಹಲ್ಲು ಕಡಿಯುವವನಲ್ಲ. ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಒಂದೇ ಚಹಾ ಹಿಡಿದು ಕೂತು ಬಂದವರನ್ನೂ ಹೋದವರನ್ನೂ ನೋಡುತ್ತಿರುವ ಗಿರಾಕಿಯಂಥವನು. ನಾನು ದೇವರ ವಿಷಯದಲ್ಲಿ ಅಷ್ಟಕ್ಕಷ್ಟೆ. ಗುಡಿಯಲ್ಲಿ ನನ್ನ ಖಾಯಂ ಜಾಗ ಹಿಂದುಗಡೆ, ಪ್ರಸಾದದ ಪಾತ್ರೆಗಳ ಪಕ್ಕ. ಆದರೂ ಮಾವನ ಅರ್ಥ ಕೇಳುವಾಗ ಆ ಗಿರಾಕಿ ಇದ್ದರೂ ಇರಬಹುದು ಎಂದು ನನಗೂ ಅನಿಸುವುದುಂಟು.

ಈಗ ಮಾವನಿಗೆ ವಯಸ್ಸಾಗಿದೆ. ವಾರವೆಲ್ಲ ಅವರು ಕಾಮೋಠೆಯ ಬಾಲ್ಕನಿಯಲ್ಲಿ ಪಾರಿವಾಳಗಳನ್ನು ಓಡಿಸುತ್ತಾ ಕೂತಿರುತ್ತಾರೆ. ಮೊಮ್ಮಗಳನ್ನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಮಾವ ಹಿಂದಿಯಲ್ಲಿ ಕೇಳಿದರೆ ಅವಳು ನಗುತ್ತಾಳೆ. ಹಾಗಾಗಿ ಅವರು ಮನೆಯಲ್ಲಿ ಹೆಚ್ಚು ಮಾತಾಡುವುದಿಲ್ಲ. ಮಾತೆಲ್ಲ ಶನಿವಾರಕ್ಕೆ. ಅಲ್ಲಿಂದ ಡೊಂಬಿವಲಿಗೆ ರೈಲಿನಲ್ಲಿ ಹೋಗುವುದೆಂದರೆ ಗಾಡಿ ಬದಲಿಸಬೇಕು, ಸೇತುವೆ ಹತ್ತಿಳಿಯಬೇಕು. ಅವರ ಮೊಣಕಾಲು ಅದನ್ನು ಎಂದೋ ನಿರಾಕರಿಸಿದೆ. ಆದ್ದರಿಂದ ನಾನು ಕೋಪರಿಯಿಂದ ಕಾಮೋಠೆಗೆ ಹೋಗಿ ಅವರನ್ನು ಹತ್ತಿಸಿಕೊಂಡು, ತಳೋಜಾ ದಾಟಿ, ಶಿಲ್‌ಫಾಟಾದ ಟ್ರಾಫಿಕ್ಕಿನಲ್ಲಿ ಒಂದಿಷ್ಟು ಆಯುಷ್ಯ ಕಳೆದು, ಡೊಂಬಿವಲಿ ಮುಟ್ಟಿಸುತ್ತೇನೆ. ಹರೀಶ ಕೆಟ್ಟವನಲ್ಲ, ಬರೇ ಹೆದರುಪುಕ್ಕಲ. ಅಪ್ಪನಿಗೆ ಚಳಿ ತಾಗುತ್ತದೆ, ಧೂಳು ತಾಗುತ್ತದೆ, ಪೂಜೆಯನ್ನು ಮೊಬೈಲಿನಲ್ಲಿ ನೋಡಿದರೆ ಸಾಲದೇ ಎಂದು ವರ್ಷವಿಡೀ ರಾಗ ಎಳೆಯುತ್ತಿರುತ್ತಾನೆ. ಅವನಿಗೆ ಒಂದು ಗಟ್ಟಿ ಕಾರಣ ಬೇಕಾಗಿತ್ತು. ನನ್ನ ಕಾರು ಅದನ್ನು ಹಳದಿ ಬಣ್ಣದಲ್ಲಿ ಒದಗಿಸಿತು. ಈ ದೀಪಕ್ಕೆ ನಾನು ಹೆದರಿದ್ದು ಇಂಜಿನ್ನಿನ ಚಿಂತೆಯಿಂದಲ್ಲ ಎಂಬುದು ಈಗ ನಿಮಗೆ ಗೊತ್ತಾಗಿರಬೇಕು. ಕಾರು ಮೂಲೆಗೆ ಬಿದ್ದರೆ ಮಾವನ ಮಾತೂ ಮೂಲೆಗೆ ಬೀಳುತ್ತಿತ್ತು.

ಆ ಮೊದಲ ಶನಿವಾರ ಮಾವ ಕಾರು ಹತ್ತಿ, ಮಂಕಿ ಕ್ಯಾಪಿನ ಕಿಂಡಿಯಿಂದ ದೀಪವನ್ನು ನೋಡಿ, ಅದೆಂತ ಉರಿಯುವುದು ಎಂದು ಕೇಳಿದರು. ಚಳಿಗೆ, ಬಿಸಿಯಾದ ಮೇಲೆ ಹೋಗುತ್ತದೆ ಅಂದೆ. ತಳೋಜಾ ಬಂತು, ಹೋಗಲಿಲ್ಲ. ಆಗ ಮಾವ ಮೆಲ್ಲಗೆ, ಶನಿದೇವರಿಗೆ ಒಂದು ಎಳ್ಳುಗಂಟು ಕಟ್ಟಿಸುವುದಾ ಎಂದರು. ಎಳ್ಳುಗಂಟು ಅಂದರೆ ಕಪ್ಪು ಬಟ್ಟೆಯ ಚೂರಿನಲ್ಲಿ ಎಳ್ಳು ಹಾಕಿ ಕಟ್ಟಿದ ಪುಟ್ಟ ಗಂಟು. ಶನಿಯ ಕಣ್ಣು ತಂಪಾಗಲಿ ಅಂತ. ನನ್ನೊಳಗಿನ ವಿಚಾರವಾದಿ ಎದ್ದು ಕೂತ. ಕಾರಿನಲ್ಲಿರುವುದು ಕಂಪ್ಯೂಟರ್ ಮಾವ, ಅದಕ್ಕೆ ಜಾತಕವಿಲ್ಲ, ಸೆನ್ಸರ್ ಉಂಟು, ಎಂದು ಶುರುಮಾಡಿ ಶಿಲ್‌ಫಾಟಾದವರೆಗೆ ಉಪನ್ಯಾಸ ಬಿಗಿದೆ. ಸೆನ್ಸರ್ ಅಂದರೆ ಏನೆಂದು ನನಗೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲದ ವಿಷಯದ ಮೇಲೆ ಮಾತಾಡುವಾಗ ನನ್ನ ದನಿಗೆ ಒಂದು ಗಾಂಭೀರ್ಯ ಬರುತ್ತದೆ. ಮಾವ ಎಲ್ಲ ಕೇಳಿಸಿಕೊಂಡು, ಸರಿ ಮಾರಾಯ ಅಂದರು. ಅಷ್ಟು ಬೇಗ ಅವರು ಯಾವತ್ತೂ ಸರಿ ಅಂದವರಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ದಿನಗಳಲ್ಲಿ ನನಗೆ ತಿಳಿದ ಸಂಗತಿಯೆಂದರೆ, ನಮ್ಮ ದೇಶದಲ್ಲಿ ಕಾರಿಲ್ಲದವರಿಗೂ ಈ ದೀಪದ ಅರ್ಥ ಗೊತ್ತು. ವಾಚ್‌ಮನ್ ಪೆಟ್ರೋಲಿಗೆ ನೀರು ಬೆರೆತಿದೆ ಅಂದ. ಸೆಕ್ರೆಟರಿ ಸಾಹೇಬರು ಅದೊಂದು ಕಂಪೆನಿಗಳ ಪಿತೂರಿ, ಗಿರಾಕಿಗಳನ್ನು ಸರ್ವೀಸಿಗೆ ಎಳೆಯಲು ಮಾಡಿದ ಹುನ್ನಾರ ಎಂದರು. ಆಫೀಸಿನ ಒಬ್ಬರು ತಮ್ಮ ಕಾರಿನಲ್ಲಿ ಅದು ವರ್ಷಗಳಿಂದ ಉರಿಯುತ್ತಿದೆ, ಈಗ ಅದಿಲ್ಲದಿದ್ದರೆ ಬೇಸರ ಬರುತ್ತದೆ ಎಂದು ಸಮಾಧಾನ ಹೇಳಿದರು. ಮಾವನ ಗುಡಿಯಂತೆಯೇ ಆಯಿತು: ಕಾರು ಒಂದು ಸಾಲು ಓದಿತ್ತು, ಊರೆಲ್ಲ ಅರ್ಧರ್ಧ ಗಂಟೆ ಅರ್ಥ ಹೇಳುತ್ತಿತ್ತು.

ಕೊನೆಗೆ ಕೋಪರಿಯ ಮೆಕ್ಯಾನಿಕ್ ಪಾಟೀಲನ ಹತ್ತಿರ ಒಯ್ದೆ. ಪಾಟೀಲ ತನ್ನನ್ನು ಡಾಕ್ಟರ್ ಎಂದು ಭಾವಿಸಿರುವ ಮನುಷ್ಯ. ಕಾರಿಗೆ ಏನಾಗಿದೆ ಎನ್ನುವ ಮೊದಲು ಹಿಂದೆ ಯಾರಿಗೆ ತೋರಿಸಿದಿರಿ ಎಂದು ಕೇಳುತ್ತಾನೆ. ಸ್ಟೀರಿಂಗಿನ ಅಡಿಯಲ್ಲಿ ಒಂದು ಯಂತ್ರ ಸಿಕ್ಕಿಸಿ, ಅದರಲ್ಲಿ ಬಂದ ಅಂಕೆಗಳನ್ನು ನೋಡಿ, ಬಾನೆಟ್ಟನ್ನು ಮುಟ್ಟದೆಯೇ, ಬ್ಯಾಟರಿ ಸುಸ್ತಾಗಿದೆ ಅಂದ. ವಾರವೆಲ್ಲ ಗಾಡಿ ನಿಂತಿರುತ್ತದೆ, ಥಂಡಿಯಲ್ಲಿ ಬ್ಯಾಟರಿ ಕೂತುಬಿಡುತ್ತದೆ, ಆಗ ಕಂಪ್ಯೂಟರಿಗೆ ತಲೆ ಕೆಡುತ್ತದೆ. ವಾರದ ನಡುವೆ ಒಂದು ದಿನ ಗಾಡಿಯನ್ನು ಚೆನ್ನಾಗಿ ಓಡಿಸಿ ಬನ್ನಿ, ಥಂಡಿ ಮುಗಿಯುವ ತನಕ ತಪ್ಪಿಸಬೇಡಿ, ಎಂದು ಔಷಧಿ ಬರೆದುಕೊಟ್ಟವನ ಹಾಗೆ ಹೇಳಿದ. ಒಂದು ಗುಂಡಿ ಒತ್ತಿ ದೀಪ ಆರಿಸಿದ. ನಾನು ಆರಿದ ದೀಪವನ್ನು ಮನೆಗೆ ತಂದೆ, ಪಾಟೀಲನ ಸಲಹೆಯನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದೆ. ಕೆಲಸ ಮುಗಿಸಿ ತೂಗಾಡುತ್ತಾ ಲೋಕಲ್ ಇಳಿದ ಮೇಲೆ ಪುನಃ ಕಾರು ತೆಗೆದು ಸುಮ್ಮನೆ ಊರು ಸುತ್ತಲು ನನಗೇನು ಹುಚ್ಚೇ?

ಸಂಕ್ರಾಂತಿಯ ಆಸುಪಾಸಿನಲ್ಲಿ ನಿಜವಾದ ಚಳಿ ಬಂತು, ವಾಚ್‌ಮನ್ ಬೀಡಿಯನ್ನೂ ಒಳಗೆಳೆದುಕೊಂಡ, ಮತ್ತು ದೀಪ ವಾಪಸಾಯಿತು. ಈ ಸಲ ಒಂಟಿಯಾಗಿ ಬರಲಿಲ್ಲ. ಕಾರು ನಿಂತಲ್ಲೇ ಸಣ್ಣಗೆ ನಡುಗುತ್ತಿತ್ತು. ಚಳಿಗೆ ನಡುಗುತ್ತಿದೆ ಎಂದು ನಾನು ತಮಾಷೆ ಮಾಡಿದೆ. ಕಾಮೋಠೆಯಲ್ಲಿ ಅಪ್ಪನನ್ನು ಹತ್ತಿಸಲು ಕೆಳಗಿಳಿದಿದ್ದ ಹರೀಶ ನಗಲಿಲ್ಲ. ಅವನು ಡ್ಯಾಶ್‌ಬೋರ್ಡಿಗೆ ಕಣ್ಣಿಟ್ಟಿದ್ದ.

"ಭಾವ, ಶಿಲ್‌ಫಾಟಾದಲ್ಲಿ ಇದು ಬಂದ್ ಬಿದ್ರೆ ಅಪ್ಪನನ್ನು ಎಂತ ಮಾಡ್ತೀರಿ? ಇವತ್ತು ಹೋಗಿ ಬನ್ನಿ. ಮುಂದಿನ ಶನಿವಾರ ಈ ಲೈಟ್ ಹೋಗಿದ್ರೆ ಮಾತ್ರ ಕಳಿಸ್ತೇನೆ."

ಮಾವ ಸೀಟಿನಲ್ಲಿ ಕೂತು, ಶಾಲನ್ನು ಮಡಿಲಲ್ಲಿ ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

ಮಾರನೆಯ ದಿನವೇ ಪಾಟೀಲನಲ್ಲಿಗೆ ಓಡಿದೆ. ಗ್ಯಾರೇಜಿಗೆ ಬೀಗ. ಅಣ್ಣನ ಮಗಳ ಮದುವೆಗೆಂದು ಊರಿಗೆ ಹೋದವನು ಯಾವಾಗ ಬರುತ್ತಾನೋ ಪಕ್ಕದ ಅಂಗಡಿಯವನಿಗೂ ಗೊತ್ತಿರಲಿಲ್ಲ. ಕಂಪೆನಿಯ ಸರ್ವೀಸ್ ಸೆಂಟರಿಗೆ ಫೋನ್ ಮಾಡಿದರೆ ಒಬ್ಬ ಹುಡುಗಿ ಬಹಳ ಮಧುರವಾಗಿ ಮುಂದಿನ ತಿಂಗಳಿನ ಕಡೆ ಬೆರಳು ತೋರಿಸಿದಳು. ಆಗ ನಾನು ಹರೀಶನ ಷರತ್ತನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಅವನು ಲೈಟ್ ಹೋಗಿರಬೇಕು ಅಂದಿದ್ದ. ಹೋಗಿದೆ ಎಂದು ಅವನಿಗೆ ಹೇಗೆ ಗೊತ್ತಾಗುತ್ತದೆ? ಕಾಣದಿದ್ದರೆ ಹೋದ ಹಾಗೆಯೇ. ಆಫೀಸಿನಲ್ಲಿ ಎಷ್ಟೋ ಸಮಸ್ಯೆಗಳನ್ನು ನಾವು ಹೀಗೆಯೇ ಪರಿಹರಿಸಿದ್ದೇವೆ.

ವನಿತಾ ಮುಖ ತೊಳೆಯುವಾಗ ಹಣೆಯ ಬಿಂದಿ ತೆಗೆದು ಬಚ್ಚಲ ಕನ್ನಡಿಗೆ ಅಂಟಿಸಿಡುತ್ತಾಳೆ. ಅಲ್ಲಿ ಎಲ್ಲ ಗಾತ್ರದ್ದೂ ಇವೆ. ಒಳ್ಳೆಯ ಅಗಲದ ಒಂದು ಕೆಂಪು ಬಿಂದಿಯನ್ನು ಕಿತ್ತು ತಂದು ಆ ಹಳದಿ ನಲ್ಲಿಯ ಮೇಲೆ ಒತ್ತಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ನಾಲ್ಕು ಬದಿಯಿಂದ ಸ್ವಲ್ಪ ಹಳದಿ ಅಂಚು ಸೋರುತ್ತಿತ್ತು, ಅದು ಅರಶಿನ ಕುಂಕುಮದ ಹಾಗೆ ಮಂಗಳಕರವಾಗಿಯೇ ಕಂಡಿತು. ಶನಿವಾರ ಕಾರಿನಿಂದ ಏನನ್ನೋ ತೆಗೆಯಲು ಬಂದ ವನಿತಾ ತನ್ನ ಬಿಂದಿಯನ್ನು ಗುರುತಿಸಿದಳು. ಈ ವಯಸ್ಸಿನಲ್ಲಿ ಇಂಥ ಕೆಲಸ ಮಾಡುವ ಗಂಡನನ್ನು ಸರ್ವೀಸಿಗೆ ಬಿಡುವ ಜಾಗ ಎಲ್ಲಾದರೂ ಇದೆಯೇ ಎಂದು ಕೇಳಿದಳು. ಆಮೇಲೆ ನಗು ನಿಲ್ಲಿಸಿ, ಮಾವನನ್ನು ಕೂರಿಸಿಕೊಂಡು ಹೋಗುತ್ತೀರಿ, ಹುಷಾರು ಅಂದಳು. ಆ ಮಾತು ನನಗೆ ಚುಚ್ಚಿತು. ಆದರೂ ಹೊರಟೆ.

ಹರೀಶ ಬಗ್ಗಿ ನೋಡಿದ. ಲೈಟ್ ಇಲ್ಲ. ಬಿಂದಿ ಇದೆ. ಅವನಿಗೆ ಬಿಂದಿಯ ಬಗ್ಗೆ ಯಾವ ಆಕ್ಷೇಪವೂ ಇರಲಿಲ್ಲ. ನಮ್ಮವರ ಡ್ಯಾಶ್‌ಬೋರ್ಡಿನಲ್ಲಿ ಗಣಪತಿ, ಪ್ರಸಾದದ ಹೂವು, ಕುಂಕುಮ ಎಲ್ಲ ಇರುವಾಗ ಒಂದು ಬಿಂದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾವ ಮಾತ್ರ ಕಾಮೋಠೆ ದಾಟಿದ ಮೇಲೆ, ಇದೆಂತ, ಗಾಡಿಗೂ ಬೊಟ್ಟಾ ಅಂದರು. ಡಿಸೈನ್ ಮಾವ ಅಂದೆ. ಅವರು ಮತ್ತೆ, ಸರಿ ಮಾರಾಯ ಅಂದರು.

ಶಿಲ್‌ಫಾಟಾ ಇನ್ನೇನು ಬಂತು ಅನ್ನುವಾಗ ಕಾರಿನ ಜೀವ ಸೊರಗಿತು. ಆಕ್ಸಿಲರೇಟರ್ ಒತ್ತಿದರೆ ಮುಂದೆ ಹೋಗುವ ಬದಲು ಕೆಮ್ಮುತ್ತಿತ್ತು. ಹಿಂದಿನ ಕಂಟೇನರ್ ಲಾರಿಯ ಹಾರ್ನ್ ನನ್ನ ಬೆನ್ನಿನೊಳಗೆ ಮೊಳಗಿತು. ಹೇಗೋ ಎಡಕ್ಕೆಳೆದು ಪಂಕ್ಚರ್ ಅಂಗಡಿಗಳ ಸಾಲಿನಲ್ಲಿದ್ದ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಪಕ್ಕದಲ್ಲಿ ಮಾವ ಸೀಟ್‌ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಎಲ್ಲಾದರೂ ಆ ಲಾರಿ ತಾಗಿದ್ದರೆ, ಎಂದು ಈಗಲೂ ಕೆಲವೊಮ್ಮೆ ಊಟದ ನಡುವೆ ನೆನಪಾಗಿ ತುತ್ತು ನಿಲ್ಲುತ್ತದೆ.

ಅಲ್ಲಿನ ಮೆಕ್ಯಾನಿಕ್ ಬಾನೆಟ್ ಎತ್ತಿದ. ಎತ್ತಿದ್ದೇ ತಡ, ಒಳಗಿನಿಂದ ಒಂದು ದಪ್ಪ ಇಲಿ ಹಾರಿ, ಕೋಪರಿಯಿಂದ ಟಿಕೆಟಿಲ್ಲದೆ ಬಂದದ್ದಕ್ಕೆ ಸ್ವಲ್ಪವೂ ನಾಚದೆ, ಟಯರುಗಳ ರಾಶಿಯೊಳಗೆ ಮಾಯವಾಯಿತು. ನಾನು ಬಗ್ಗಿ ನೋಡಿದೆ. ಬ್ಯಾಟರಿಯ ಪಕ್ಕದಲ್ಲಿ ಅಂದವಾದ ಒಂದು ಗೂಡು. ಕಪ್ಪು ಬಟ್ಟೆಯನ್ನು ಎಳೆಎಳೆಯಾಗಿ ಸಿಗಿದು ಮೆತ್ತನೆ ಹಾಸಿತ್ತು. ಸುತ್ತ ಎಳ್ಳಿನ ಸಿಪ್ಪೆ. ತಿಂದು ಮುಗಿದ ಮೇಲೆ ಬಾಯಿ ಚಪಲಕ್ಕೆ ಪಕ್ಕದ ವಯರನ್ನೂ ಕಡಿದಿತ್ತು. ಅದೇ ಸೆನ್ಸರಿನ ವಯರು ಎಂದು ಮೆಕ್ಯಾನಿಕ್ ತೋರಿಸಿದ. ಚಳಿಗೆ ಬೆಚ್ಚಗಿನ ಜಾಗ ಹುಡುಕಿ ಇಲಿ ಬರುವುದು ಇದ್ದದ್ದೇ, ಅದರಲ್ಲೂ ವಾರಗಟ್ಟಲೆ ನಿಂತ ಗಾಡಿಗೆ, ಆದರೆ ಊಟವನ್ನೂ ಹಾಸಿಗೆಯನ್ನೂ ಕೊಟ್ಟು ಇಲಿ ಸಾಕಿದವರನ್ನು ತಾನು ನೋಡಿರಲಿಲ್ಲ ಎಂದು ಹಿಂದಿಯಲ್ಲಿ ಹೇಳಿ ಹೊಟ್ಟೆ ಹಿಡಿದು ನಕ್ಕ.

ಎಳ್ಳು ಮತ್ತು ಕಪ್ಪು ಬಟ್ಟೆ. ನನ್ನ ಉಪನ್ಯಾಸಕ್ಕೆ ಇಷ್ಟು ಚಂದದ ಸಾಕ್ಷಿ ಜನ್ಮದಲ್ಲಿ ಮತ್ತೊಮ್ಮೆ ಸಿಗುವುದಿಲ್ಲ. ನೋಡಿದಿರಾ ಮಾವ ಎನ್ನಲು ಜಂಬದಿಂದ ತಿರುಗಿದೆ. ಅವರು ರಸ್ತೆಯ ಧೂಳಿನಲ್ಲಿ ಮಂಕಿ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದು, ಶಾಲೆಯಲ್ಲಿ ಹೊರಗೆ ನಿಲ್ಲಿಸಿದವರ ಹಾಗೆ ನಿಂತಿದ್ದರು.

"ನಾನೇ ಕಟ್ಟಿಸಿದ್ದು," ಅಂದರು. "ಮೊದಲ್ನೇ ದಿನವೇ. ನೀನು ಪ್ರಸಾದದ ಹತ್ರ ಇದ್ದೆ, ಶಾಲು ತರ್ಲಿಕ್ಕೆ ಅಂತ ನಿನ್ನಿಂದ ಕೀ ತಕ್ಕೊಂಡು, ಭಟ್ರಿಗೆ ಹೇಳಿ ಒಳಗೆ ಕಟ್ಟಿಸಿದೆ. ನಿನಗೆ ಹೇಳಿದ್ರೆ ಬೈತಿ. ಈ ಗಾಡಿ ಕೈಕೊಟ್ರೆ ನನ್ನದು ಮುಗೀತಲ್ಲ ಮಾರಾಯ. ಮತ್ತೆ ಆ ಪಾರಿವಾಳವೇ ಗತಿ."

ಗುಡಿಯ ಭಟ್ಟರು ಪ್ರತಿ ವರ್ಷ ಆಯುಧಪೂಜೆಗೆ ಸಾಲುಸಾಲು ಕಾರುಗಳ ಬಾನೆಟ್ ಎತ್ತಿ ಒಳಗೆ ಹೂವು ಅಕ್ಷತೆ ಹಾಕುವವರು. ನನ್ನ ಕಾರಿನ ಹೊಟ್ಟೆಯ ಪರಿಚಯ ನನಗಿಂತ ಅವರಿಗೇ ಹೆಚ್ಚು. ಅವರು ಎಳ್ಳುಗಂಟನ್ನು ಭದ್ರವಾಗಿಯೇ ಕಟ್ಟಿದ್ದರು. ಅಂದರೆ ಮಾವ ತನ್ನ ಶನಿವಾರವನ್ನು ಉಳಿಸಿಕೊಳ್ಳಲು ಏನು ಮಾಡಿದ್ದರೋ ಅದೇ ಆ ಶನಿವಾರವನ್ನು ತಿನ್ನುತ್ತಾ ಕೂತಿತ್ತು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಇಷ್ಟು ದೊಡ್ಡ ಮಾತುಗಾರ, ತನಗೆ ಬೇಕಾದ ಇಷ್ಟು ಸಣ್ಣ ವಿಷಯವನ್ನು ನನ್ನ ಹತ್ತಿರ ಬಾಯಿಬಿಟ್ಟು ಹೇಳಲು ಹೆದರಿದ್ದರು, ಮತ್ತು ಹೆದರಿದ್ದು ನನ್ನ ವಿಚಾರವಾದಕ್ಕೆ. ನಾನು ಬೇರೇನೂ ತೋಚದೆ ಅವರ ಕೈ ಹಿಡಿದು ಕಾರಿನ ಬಾಗಿಲವರೆಗೆ ಕರೆತಂದು, ಬಿಂದಿಯನ್ನು ಉಗುರಿನಿಂದ ಎಬ್ಬಿಸಿ ತೋರಿಸಿದೆ. ಅಡಿಯಲ್ಲಿ ಹಳದಿ ದೀಪ ಉರಿಯುತ್ತಿತ್ತು.

"ನನ್ನದು ಇದು ಮಾವ," ಅಂದೆ.

ಮಾವ ದೀಪ ನೋಡಿದರು, ನನ್ನ ಬೆರಳ ತುದಿಯ ಬಿಂದಿ ನೋಡಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಇಡೀ ಮಾವ ಕುಲುಕಿದರು. ಮೆಕ್ಯಾನಿಕ್ ಏನೆಂದು ಗೊತ್ತಿಲ್ಲದೆ ತಾನೂ ನಕ್ಕು ವಯರು ಜೋಡಿಸತೊಡಗಿದ. ಹಾಗೆ ನಗುತ್ತಿರುವಾಗಲೇ ನನ್ನ ಫೋನ್ ಬಡಿದುಕೊಂಡಿತು. ಹರೀಶ. ಇಷ್ಟು ಹೊತ್ತಿಗೆ ಡೊಂಬಿವಲಿ ಮುಟ್ಟಬೇಕಿತ್ತು, ಎಲ್ಲಿದ್ದೀರಿ ಎಂದು ಕೇಳಿದ. ಮಾವನ ನಗು ತಟ್ಟನೆ ನಿಂತಿತು. ಅವರು ನನ್ನ ಮುಖವನ್ನೇ ನೋಡಿದರು. ಶಿಲ್‌ಫಾಟಾ ಟ್ರಾಫಿಕ್ ಅಂದೆ. ಹರೀಶ ಒಂದು ಮಾತೂ ಕೇಳದೆ ಫೋನಿಟ್ಟ. ಶಿಲ್‌ಫಾಟಾದ ಟ್ರಾಫಿಕ್ಕನ್ನು ಬೈಯುವವರೆಲ್ಲ ಅದರ ಈ ಉಪಕಾರವನ್ನೂ ಗಮನಿಸಬೇಕು. ಆ ದಾರಿಯಲ್ಲಿ ಯಾರು ಎಷ್ಟು ತಡವಾಗಿ ಬಂದರೂ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಗುಡಿ ಮುಟ್ಟುವಾಗ ಪೂಜೆ ಅರ್ಧ ಆಗಿತ್ತು. ಮಾವ ಧೂಳುಕಾಲಿನಲ್ಲೇ ಹೋಗಿ ತನ್ನ ಜಾಗದಲ್ಲಿ ಕೂತು ಅರ್ಥ ಎತ್ತಿಕೊಂಡರು. ಶನಿದೇವರು ಭೂಲೋಕದ ಸಂಚಾರಕ್ಕೆ ಹೊರಟಿದ್ದ. ದಾರಿಯಲ್ಲಿ ಒಬ್ಬ ಮುದುಕನೂ ಒಬ್ಬ ಬುದ್ಧಿವಂತನೂ ಸಿಕ್ಕಿದರು. ಅವನು ಇಬ್ಬರ ಮುಂದೆಯೂ ಒಂದೊಂದು ದೀಪ ಹಚ್ಚಿಟ್ಟ, ಸ್ವಲ್ಪ ಎಚ್ಚರದಲ್ಲಿರಿ ಅಂತ. ಮುದುಕ ದೀಪಕ್ಕೆ ಎಳ್ಳು ಕಟ್ಟಿದ, ಬುದ್ಧಿವಂತ ದೀಪಕ್ಕೆ ಬೊಟ್ಟು ಇಟ್ಟ. ಇಷ್ಟು ಹೇಳಿ ಮಾವ ಹಿಂದೆ ಪಾತ್ರೆಗಳ ಕಡೆ ಕಣ್ಣು ಹಾಯಿಸಿದರು.

"ಆಗ ಶನಿದೇವರು ಹೇಳ್ತಾನೆ, ನೀವಿಬ್ಬರೂ ಹೆದರಿದ್ದು ಒಂದಕ್ಕೇ. ಒಬ್ಬರಿಗೊಬ್ಬರು ಮೊದಲೇ ಹೇಳಿಕೊಂಡಿದ್ರೆ ನನಗೆ ದೀಪದ ಎಣ್ಣೆಯಾದ್ರೂ ಉಳೀತಿತ್ತು."

ಗುಡಿಯೆಲ್ಲ ನಕ್ಕಿತು. ಯಾರಿಗೂ ಏನೂ ಗೊತ್ತಿರಲಿಲ್ಲ, ಭಟ್ಟರ ಹೊರತು. ಅವರು ಬಹಳ ಶ್ರದ್ಧೆಯಿಂದ ಘಂಟೆಯನ್ನು ಒರೆಸುತ್ತಿದ್ದರು.

ವಾಪಸು ಬರುವಾಗ ಮಾವ ಕಿಟಕಿಯ ಹೊರಗೆ ನೋಡುತ್ತಾ, ಆ ಮೆಕ್ಯಾನಿಕ್ ಹೇಳಿದ್ದು ಕೇಳಿದೆಯಾ, ನಿಂತ ಗಾಡಿಗೇ ಇಲಿ ಬರುವುದಂತೆ ಅಂದರು. ಪಾಟೀಲನೂ ಅದೇ ಧಾಟಿಯಲ್ಲಿ ಹೇಳಿದ್ದು ನೆನಪಾಯಿತು: ವಾರದ ನಡುವೆ ಒಮ್ಮೆ ಓಡಿಸಬೇಕು, ಥಂಡಿ ಮುಗಿಯುವ ತನಕ. ಹೇಳಿದೆ. ಮಾವ ಬೆರಳು ಮಡಚಿ ಎಣಿಸಿ, ವಾರದ ನಡು ಅಂದರೆ ಬುಧವಾರ ಅಲ್ಲವಾ ಎಂದು ಪಂಚಾಂಗದ ಸಂಶಯ ಕೇಳುವವರಂತೆ ಕೇಳಿದರು.

ಹಾಗೆ ಬುಧವಾರ ಶುರುವಾಯಿತು. ಸಂಜೆ ಲೋಕಲ್ ಇಳಿದವನು ನೇರ ಕಾರು ತೆಗೆದು ಕಾಮೋಠೆಗೆ ಹೋಗುತ್ತೇನೆ. ಬ್ಯಾಟರಿಗೆ ಒಳ್ಳೆಯದು ಎಂದು ಹರೀಶನಿಗೆ ಹೇಳಿದ್ದೇವೆ. ವೈಜ್ಞಾನಿಕ ಕಾರಣಕ್ಕೆ ಅವನು ಎದುರಾಡುವುದಿಲ್ಲ. ಮಾವ ಕೆಳಗೆ ಬಂದು ಕಾಯುತ್ತಿರುತ್ತಾರೆ. ಪನವೇಲ್ ಕಡೆ ನಮ್ಮವರೇ ನಡೆಸುವ ಒಂದು ಹೋಟೆಲಿದೆ, ಅಲ್ಲಿ ಗೋಳಿಬಜೆ, ಚಹಾ. ಮಾವ ಗಲ್ಲಾದಲ್ಲಿ ಕೂತವನ ತಪ್ಪುಗಳನ್ನು ಮೆಲ್ಲಗೆ ನನಗೆ ತೋರಿಸುತ್ತಾರೆ, ಕಲ್ಯಾಣದ ಹಳೇ ಕತೆ ತೆಗೆಯುತ್ತಾರೆ, ಮುಂದಿನ ಶನಿವಾರದ ಅರ್ಥವನ್ನು ನನ್ನ ಮೇಲೆ ಪ್ರಯೋಗಿಸಿ ನೋಡುತ್ತಾರೆ. ಎಳ್ಳುಗಂಟು ಈಗಲೂ ಉಂಟು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಮಾವನ ಮಡಿಲಲ್ಲಿ. ನಾನು ಆಕ್ಷೇಪಿಸಿಲ್ಲ. ಬಿಂದಿ ಕನ್ನಡಿಗೆ ವಾಪಸು ಹೋಗಿದೆ. ಊರಿನಿಂದ ಬಂದ ಪಾಟೀಲ ಯಂತ್ರ ಸಿಕ್ಕಿಸಿ ನೋಡಿ, ಗಾಡಿ ಈಗ ಠಣ್ ಅಂತ ಇದೆ ಎಂದ. ದೀಪ ಆಮೇಲೆ ಹೊತ್ತಿಲ್ಲ.

ಅದು ಹೊತ್ತದಿರುವುದೇ ಈಗಿನ ತೊಂದರೆ. ಫೆಬ್ರವರಿ ಕಳೆಯಿತು, ಮಾರ್ಚ್ ಬಂತು, ನನ್ನ ಸ್ವೆಟರ್ ನುಸಿಗುಳಿಗೆಯ ಸಂಗಕ್ಕೆ ಮರಳಿತು. ಮೊನ್ನೆಯ ಬುಧವಾರ ಆಫೀಸಿಗೆ ರಜೆಯಿದ್ದುದರಿಂದ ಮಧ್ಯಾಹ್ನವೇ ಹೋದೆ, ಏಪ್ರಿಲ್ ಬಿಸಿಲು ಕಾಮೋಠೆಯ ಡಾಮರನ್ನು ಕರಗಿಸುತ್ತಿತ್ತು. ಕಾರಿನ ಏಸಿಗೂ ಬೆವರು ಬಂದ ಹಾಗಿತ್ತು. ಮಾವ ಎಂದಿನ ಜಾಗದಲ್ಲಿ ನಿಂತಿದ್ದರು, ಆದರೆ ಬಾಗಿಲು ತೆರೆದರೂ ಹತ್ತಲಿಲ್ಲ. ಬಗ್ಗಿ ಡ್ಯಾಶ್‌ಬೋರ್ಡನ್ನು ನೋಡಿದರು. ಎಲ್ಲ ಕಪ್ಪಗಿತ್ತು, ಆರೋಗ್ಯವಾಗಿತ್ತು.

"ಲೈಟ್ ಪೂರಾ ಹೋಯ್ತಲ್ಲ," ಅಂದರು. "ಚಳಿಯೂ ಮುಗೀತು. ಇನ್ನು ಬುಧವಾರ ನಿನಗೆ ಬರ್ಲಿಕ್ಕೆ ಕೆಲಸ ಇಲ್ಲ ಅಲ್ವಾ?"

ನನ್ನ ಕುತ್ತಿಗೆಯಿಂದ ಬೆವರು ಬೆನ್ನಿಗೆ ಇಳಿಯುತ್ತಿತ್ತು. "ಎಲ್ಲಿ ಮುಗೀತು ಮಾವ," ಅಂದೆ, "ನನಗೆ ಇನ್ನೂ ನಡುಗುತ್ತಾ ಉಂಟು."

ಮಾವ ನನ್ನನ್ನೊಮ್ಮೆ ನೋಡಿದರು. ಒಂದು ನಿಮಿಷ ಇರು ಎಂದು ಮೊಣಕಾಲಿನ ನೋವನ್ನೂ ಮರೆತು ಮೇಲೆ ಹೋದರು. ಬರುವಾಗ ಆ ಉರಿಬಿಸಿಲಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಬಂದಿದ್ದರು.